ಹೊಸ ಜಿಪಿಎಸ್‌ಗೆ 35 ಸಾವಿರ: ಅಡಿಕೆ ತೋಟದಲ್ಲಿ ಅಳೆದು ನೋಡಿ ಕೊಂಡೆ

ತೋಟಗಳಿಗೆ ಡ್ರಿಪ್ ಪೈಪು, ತಂತಿ ಬೇಲಿ ಹಾಕಿಸುವ ಗುತ್ತಿಗೆ ನನ್ನದು. ಸಾಗರ, ಹೊಸನಗರದ ಕಡೆ ಹತ್ತು ಹನ್ನೊಂದು ವರ್ಷ ಒಂದೇ ಹಳೇ ಕೈ ಜಿಪಿಎಸ್ ಹಿಡಿದು ಸುತ್ತಿದ್ದೇನೆ. ಹೊಸದಕ್ಕೆ 35 ಸಾವಿರ ಹಾಕುತ್ತೇನೆ ಅಂದಾಗ ಭಾವ ಕೇಳಿದ್ದು ಒಂದೇ: "ಕೈಯಲ್ಲಿ ಫೋನ್ ಇರುವಾಗ ಅದೆಂತಕ್ಕೆ ಮಾರಾಯ?" ಊರಲ್ಲಿ ಎಲ್ಲರದ್ದೂ ಇದೇ ಮಾತು.

ನನಗೆ ಪೆಟ್ಟು ಬಿದ್ದಿದ್ದು ಬೇಲಿಯಲ್ಲಿ. ಹಳೇ ಸೆಟ್ಟಿನ ಟ್ರ್ಯಾಕ್, ಅಂದರೆ ನಡೆದ ದಾರಿಯ ಗುರುತು ನಂಬಿ 640 ಮೀಟರ್ ಎಂದು ಕಲ್ಲುಕಂಬ, ತಂತಿ ಇಳಿಸಿದೆ. ಆದದ್ದು 570ರ ಹತ್ತಿರ. ಮರದಡಿ ಪಾಯಿಂಟು ಆಚೀಚೆ ಹಾರುತ್ತದೆ. ವಿಸ್ತೀರ್ಣದಲ್ಲಾದರೆ ಒಳಗೆ ಹಾರಿದ್ದಕ್ಕೆ ಹೊರಗೆ ಹಾರಿದ್ದು ವಜಾ ಆಗುತ್ತದೆ, ಉದ್ದದಲ್ಲಿ ಹಾಗಲ್ಲ, ಅಂಕುಡೊಂಕೆಲ್ಲ ಕೂಡುತ್ತಲೇ ಹೋಗುತ್ತದೆ. ಉಳಿದ ಕಂಬ ಯಾರೂ ವಾಪಸ್ ತಗೊಳ್ಳಲಿಲ್ಲ. ಸಾಗಾಟ ಸೇರಿ ಸುಮಾರು 14 ಸಾವಿರ ಹೋಯಿತು. ಮುಂದಿನ ವರ್ಷ ಗುಡ್ಡದ ಬುಡದ ತೋಟದಲ್ಲಿ ಪೈಪು ಕಡಿಮೆ ಬಿತ್ತು. ಅದು ಇಳಿಜಾರಿನ ಲೆಕ್ಕ: 20 ಡಿಗ್ರಿ ಇದ್ದರೆ ನಕ್ಷೆಯ 100 ಮೀಟರಿಗೆ ನೆಲದ ಮೇಲೆ 106 ಬೇಕು. ಅದಕ್ಕೆ ಹೊಸ ಸೆಟ್ ಬೇಡ, ಗುಣಾಕಾರ ಸಾಕು.

ಕೊಳ್ಳುವ ಮೊದಲು ಚಾರಣಕ್ಕೆ ಹೋಗುವ ಗೆಳೆಯನ ಗಾರ್ಮಿನ್ ಜಿಪಿಎಸ್‌ಮ್ಯಾಪ್ 65 ಎಂಟು ದಿನಕ್ಕೆ ಕೇಳಿ ತಂದೆ. ಉಪಗ್ರಹ ಕಳಿಸುವ ಎಲ್1 ಸಿಗ್ನಲ್ ಜೊತೆ ಬೇರೆ ಆವರ್ತನದ ಎಲ್5 ಕೂಡ ಹಿಡಿಯುವ ಸೆಟ್ ಅದು. ನನ್ನ ತೋಟಕ್ಕೆ ಪೋಡಿ (ಸರ್ವೆ ಮಾಡಿ ಹಿಸ್ಸೆ ಬೇರೆ ಮಾಡುವುದು) ಆಗಿದೆ, ಬಾಂದುಕಲ್ಲುಗಳೆಲ್ಲ ಜಾಗದಲ್ಲಿವೆ, ದಾಖಲೆಯಲ್ಲಿ 1 ಎಕರೆ 12 ಗುಂಟೆ, ಅಂದರೆ 52 ಗುಂಟೆ. ಬೆಳಿಗ್ಗೆ, ಮಧ್ಯಾಹ್ನ, ಮಳೆ ಹೊಳವಾದ ಕೂಡಲೇ, ಹೀಗೆ ಆರೇಳು ಸುತ್ತು ಹಾಕಿದೆ. ಹಳೆಯದು 48ರಿಂದ 57ರವರೆಗೆ ಏನೇನೋ ತೋರಿಸಿತು. ಎಲ್5 ಇರುವ ನನ್ನ ಫೋನ್ 50ರಿಂದ 55. ಗೆಳೆಯನ ಗಾರ್ಮಿನ್ 51, 53ರ ನಡುವಿನಿಂದ ಅಲುಗಲಿಲ್ಲ. ಸೋಗೆ ಒದ್ದೆಯಾಗಿ ನೀರು ತೊಟ್ಟಿಕ್ಕುವಾಗಲೇ ಹಳೆಯದು ಹೆಚ್ಚು ದಾರಿ ತಪ್ಪಿದ್ದು. ಫೋನಿನ ಅಳತೆ ಪರವಾಗಿಲ್ಲ, ಆದರೆ ಜಡಿಮಳೆಯಲ್ಲಿ ಪರದೆ ಬೆರಳಿನ ಮಾತು ಕೇಳುವುದಿಲ್ಲ. ಗಾರ್ಮಿನ್‌ಗಾದರೆ ಗುಂಡಿ ಇದೆ, ಕೆಸರುಗೈಯಲ್ಲೂ ಒತ್ತಬಹುದು.

ಗದ್ದೆಯಲ್ಲೂ ನೋಡಿದೆ. ತೆರೆದ ಆಕಾಶದಡಿ ಮೂರೂ ಒಂದು ಗುಂಟೆಯ ವ್ಯತ್ಯಾಸದ ಒಳಗೇ ಬಂದವು. ಹಾಗಾಗಿ ಬಯಲುಸೀಮೆಯಲ್ಲಿ ಅಳೆಯುವವರು ಇದಕ್ಕೆ ದುಡ್ಡು ಹಾಕಬೇಡಿ, ಬರೀ ದಂಡ. ಉಪಗ್ರಹದ ಮೂಲಕ ಮೆಸೇಜ್ ಕಳಿಸುವ ಮಾದರಿಗಳ ಆಸೆಯೂ ಬೇಡ, ನಮ್ಮಲ್ಲಿ ಪರವಾನಗಿ ಇಲ್ಲದೆ ಅವನ್ನು ಇಟ್ಟುಕೊಳ್ಳುವಂತಿಲ್ಲ.

ಅಡಿಕೆ ಕೊನೆ ಕೊಯ್ಯುವ ದೋಟಿಯ ತುದಿಗೆ ಸೆಟ್ಟನ್ನು ಕಟ್ಟಿ ಸೋಗೆಯ ಮೇಲೆ ಎತ್ತಿಯೂ ನೋಡಿದ್ದುಂಟು. ದೋಟಿ ತೂಗಾಡಿ ಇದ್ದ ಅಳತೆಯೂ ಕೆಟ್ಟಿತು. ತಲೆಗಿಂತ ಒಂದು ಮೊಳ ಮೇಲೆ ಬರುವಷ್ಟು ಬಿದಿರು ಸಾಕು. ಎದೆಗೆ ಹಿಡಿದರೆ ಬೆನ್ನ ಹಿಂದಿನ ಉಪಗ್ರಹಗಳಿಗೆ ನಮ್ಮ ಮೈಯೇ ಅಡ್ಡ.

ಈಗ ಬೇಲಿಗೆ ಟ್ರ್ಯಾಕ್ ಉದ್ದ ನೋಡುವುದನ್ನೇ ಬಿಟ್ಟಿದ್ದೇನೆ. ಮೂಲೆ ಮೂಲೆಯಲ್ಲಿ ಪಾಯಿಂಟ್ ಹಾಕಿ, ಆವರೇಜಿಂಗ್ (ಹಲವು ಸಲ ಹಿಡಿದದ್ದರ ಸರಾಸರಿ) ಇಟ್ಟು, ಒಂದೂವರೆ ತಾಸು ಬಿಟ್ಟು ಮತ್ತೆ ಅದೇ ಮೂಲೆಗೆ ಬರುತ್ತೇನೆ. ನಾಲ್ಕು ಸಲ ಆದರೆ ಸಾಕು. ಆಮೇಲೆ ಮೂಲೆಯಿಂದ ಮೂಲೆಗೆ ನೇರ ಅಳತೆ. ಡೊಂಕು ಗಡಿಯಲ್ಲಿ ಪಾಯಿಂಟ್ ಎಲ್ಲೆಲ್ಲಿ ಹಾಕಬೇಕು ಎನ್ನುವುದಕ್ಕೆ ನನ್ನದೇ ಒಂದು ಕ್ರಮ ಇದೆ, ಅದನ್ನು ಬರೆಯುವುದಿಲ್ಲ, ಅದು ನನ್ನ ಅನ್ನ.

ಕೊಂಡ ಮೇಲೆ ಒಂಬತ್ತು ಬೇಲಿ ಮುಗಿಸಿದ್ದೇನೆ. ಯಾವುದರಲ್ಲೂ ಐದಾರು ಕಂಬಕ್ಕಿಂತ ಹೆಚ್ಚು ಉಳಿದಿಲ್ಲ. ಸೆಟ್ಟಿನ ದುಡ್ಡು ಎರಡನೇ ಬೇಸಿಗೆಗೇ ಹುಟ್ಟಿತು. ಹತ್ತನೆಯದು ಭಾವನ ತೋಟದ್ದು, ಬರುವ ಸೋಮವಾರ ಅಳತೆ. ಕರೆದದ್ದು ಅವನೇ.