ಎಸಿಎಲ್ ಆಪರೇಷನ್ ಆದ ಮೇಲೆ ತೊಡೆಗೆ ಬಲ ತಂದ ಕ್ರಮ

ಮೊಣಕಾಲೊಳಗೆ ತೊಡೆಮೂಳೆಯನ್ನು ಕೆಳಗಿನ ಮೂಳೆಗೆ ಬಿಗಿಯುವ ಲಿಗಮೆಂಟು, ಅಂದರೆ ಗಟ್ಟಿ ಪಟ್ಟಿ, ಎಸಿಎಲ್. ಹರಿದ ಎಸಿಎಲ್ ಜಾಗಕ್ಕೆ ತೊಡೆಯ ಹಿಂಭಾಗದ ಸ್ನಾಯುರಜ್ಜು ತೆಗೆದು ಕೂರಿಸಿದ ಎಡ ಮೊಣಕಾಲು ನನ್ನದು. ಕಲಬುರಗಿಯ ಮನೆಯಲ್ಲಿ, ಆಮೇಲೆ ಜಿಮ್ಮಿನಲ್ಲಿ ಮಾಡಿದ ಕಸರತ್ತಿನ ಲೆಕ್ಕ ಇದು. ಮಿನಿಸ್ಕಸ್‌ಗೂ (ಕೀಲಿನೊಳಗಿನ ಮೆತ್ತೆಯಂಥ ಮೃದ್ವಸ್ಥಿಗೂ) ಹೊಲಿಗೆ ಬಿದ್ದಿದ್ದರೆ ಅಥವಾ ಕೀಲನ್ನೇ ಬದಲಿಸಿದ್ದರೆ ಎಷ್ಟು ಮಡಚಬೇಕು, ಯಾವಾಗ ಭಾರ ಹಾಕಬೇಕು ಎಂಬುದು ಬೇರೆ. ಅದನ್ನು ಆಪರೇಷನ್ ಮಾಡಿದ ಡಾಕ್ಟರೇ ಹೇಳಬೇಕು.

ಮೊದಲ ಎರಡು ವಾರ ಭಾರದ ಮಾತೇ ಇಲ್ಲ. ಕೀಲಿನಲ್ಲಿ ಬಾವು ಇರುವಷ್ಟು ದಿನ ತೊಡೆಯ ಮುಂಭಾಗದ ಸ್ನಾಯುವಿಗೆ ನರದಿಂದಲೇ ತಡೆ ಬೀಳುತ್ತದೆ. ಬಿಗಿ ಹಿಡಿ ಅಂದರೂ ಅದು ಹಿಡಿಯುವುದಿಲ್ಲ, ಸೋಮಾರಿತನವಲ್ಲ. ಕಾಲು ಚಾಚಿ ಕೂತು ಮೊಣಕಾಲನ್ನು ಹಾಸಿಗೆಗೆ ಒತ್ತಿ 5 ಸೆಕೆಂಡು ಬಿಗಿ ಹಿಡಿಯುವುದು, ಹೀಗೆ 10 ಸಲ, ಎಚ್ಚರವಿರುವಾಗ ಗಂಟೆಗೊಮ್ಮೆ. ಮೊಣಕಾಲ ಚಿಪ್ಪು ತೊಡೆಯ ಕಡೆ ಸರಿದರೆ ಸರಿಯಾಗಿ ಮಾಡಿದ ಹಾಗೆ; ಬೆರಳಿಟ್ಟು ನೋಡಬಹುದು. ಇದರ ಜೊತೆಗೆ ಹಿಮ್ಮಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಮೊಣಕಾಲು ತಾನಾಗಿ ನೆಟ್ಟಗಾಗಲು 10 ನಿಮಿಷ, ದಿನಕ್ಕೆ 4 ಸಲ. ಮನೆಯವರು ಅಕ್ಕರೆಯಿಂದ ಮೊಣಕಾಲ ಕೆಳಗೆ ದಿಂಬು ಇಡುತ್ತಾರೆ. ಬೇಡವೇ ಬೇಡ. ಕಾಲು ಸ್ವಲ್ಪ ಮಡಚಿದಂತೆಯೇ ಬಿಗಿದುಕೊಂಡರೆ ಆಮೇಲೆ ನೆಟ್ಟಗೆ ಮಾಡುವುದು ಬಲು ಕಷ್ಟ. ಬಿಸಿ ಎಣ್ಣೆ ತಿಕ್ಕುವುದೂ ಆಗ ಬೇಡ; ಒದ್ದೆ ಬಟ್ಟೆಯಲ್ಲಿ ಸುತ್ತಿದ ಐಸು, 15 ನಿಮಿಷ. ಮೀನಖಂಡ ನೋಯುತ್ತಾ ಊದಿದರೆ, ಜ್ವರ ಬಂದರೆ, ಗಾಯ ಸೋರಿದರೆ ಕಸರತ್ತು ಬಿಟ್ಟು ಅಂದೇ ಆಸ್ಪತ್ರೆಗೆ.

ಭಾರ ಏರಿಸಬೇಕೋ ಇಳಿಸಬೇಕೋ ಎಂದು ಹೇಳುತ್ತಿದ್ದದ್ದು ಟೈಲರ್ ಟೇಪು. ಬೆಳಗ್ಗೆ ಹಾಸಿಗೆ ಬಿಡುವ ಮೊದಲು ಚಿಪ್ಪಿನ ನಡುಭಾಗದ ಸುತ್ತಳತೆ ಬರೆದಿಡುವುದು. ನಿನ್ನೆಗಿಂತ 1 ಸೆಂ.ಮೀ. ಹೆಚ್ಚಾಗಿದ್ದರೆ ಆ ದಿನ ಭಾರವಿಲ್ಲ, ಬರೀ ಬಿಗಿ ಹಿಡಿಯುವ ಕಸರತ್ತು. ಮಾಡುವಾಗ ಹತ್ತಕ್ಕೆ ಮೂರರಷ್ಟು ನೋವು ನಡೆಯುತ್ತದೆ. ಮರುದಿನ ಬೆಳಗಿನ ತನಕ ಉಳಿದರೆ ಅತಿಯಾಯಿತು ಎಂದೇ ಲೆಕ್ಕ.

ಮೂರನೆಯ ವಾರದಿಂದ ಕುರ್ಚಿಯಿಂದ ಎದ್ದು ಕೂರುವುದು. ಮೊದಲು ಕುರ್ಚಿಯ ಮೇಲೆ ಎರಡು ದಿಂಬು, ವಾರಕ್ಕೊಂದು ತೆಗೆಯುತ್ತಾ ಬಂದರಾಯಿತು. ಇಲ್ಲಿ ಎಲ್ಲರೂ ತಪ್ಪುವುದು ಒಂದೇ ಕಡೆ: ತಮಗೆ ಗೊತ್ತಿಲ್ಲದೆಯೇ ಒಳ್ಳೆಯ ಕಾಲಿನ ಮೇಲೆ ಏಳುತ್ತಾರೆ. ಎರಡೂ ಪಾದದ ಕೆಳಗೆ ಒಂದೊಂದು ತೂಕದ ಯಂತ್ರ ಇಟ್ಟರೆ ಕಳ್ಳತನ ಸಿಕ್ಕಿಬೀಳುತ್ತದೆ. ಒಳ್ಳೆಯ ಪಾದವನ್ನು ಒಂದು ಗೇಣು ಮುಂದಿಟ್ಟರೆ ಹಿಂದಿರುವ ಆಪರೇಷನ್ ಕಾಲು ದುಡಿಯಲೇಬೇಕು. ಕಾಲು ನೆಟ್ಟಗೆ ಎತ್ತುವುದಕ್ಕೆ ತೊಗರಿ ಬ್ಯಾಳಿಯ 1 ಕೆ.ಜಿ. ಪಾಕೀಟು ಸಾಕು, ಆದರೆ ಅದನ್ನು ಕಟ್ಟಬೇಕಾದದ್ದು ಮೊಣಕಾಲಿನ ಮೇಲೆ, ತೊಡೆಗೆ. ಅದೂ ಮೊಣಕಾಲು ಜೋತು ಬೀಳದೆ ಕಾಲು ಮೇಲೇಳುವಂತಾದ ಮೇಲೆ.

ಮೆಟ್ಟಿಲಿಗೆ ಇಟ್ಟಿಗೆ: ಮೊದಲು ಒಂದರ ಎತ್ತರ, ಆಮೇಲೆ ಎರಡರದು. ಶಹಾಬಾದ್ ಕಲ್ಲಿನ ನೆಲದ ಮೇಲೆ ಇಟ್ಟಿಗೆ ಜಾರುತ್ತದೆ, ಕೆಳಗೆ ಗೋಣಿಚೀಲ ಹಾಸಲೇಬೇಕು. ಹತ್ತುವುದಕ್ಕಿಂತ ಇಳಿಯುವುದರಲ್ಲಿ ಕೆಲಸ ಹೆಚ್ಚು. 3 ಎಣಿಸುತ್ತಾ ಇಳಿಯಬೇಕು. ಮೊಣಕಾಲು ಒಳಗೆ ವಾಲುತ್ತಿದೆಯೇ ಎಂದು ಕನ್ನಡಿಯಲ್ಲಿ ನೋಡಿಕೊಳ್ಳಬೇಕು, ವಾಲಿದರೆ ಎತ್ತರ ಇಳಿಸಬೇಕು. ಬಸ್ಸಿನ ಮೆಟ್ಟಿಲು ಮಾತ್ರ ಇಟ್ಟಿಗೆಯಲ್ಲ: ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಕಾಲು ಮೊದಲು.

ಹಿಮ್ಮಡಿಯನ್ನು ಪೃಷ್ಠದ ಕಡೆ ಎಳೆಯುವ ಭಾರದ ಕಸರತ್ತನ್ನು 8 ವಾರ ಮುಟ್ಟಲಿಲ್ಲ, ರಜ್ಜು ತೆಗೆದ ಜಾಗ ಅದೇ ತಾನೆ. ಕೂತು ಕಾಲು ಚಾಚುವ ಮಶೀನಿನಲ್ಲಿ 90ರಿಂದ 45 ಡಿಗ್ರಿವರೆಗೆ ಮಾತ್ರ. ಕಾಲು ನೆಟ್ಟಗಾಗುವ ಕೊನೆಯ ಭಾಗದಲ್ಲಿ ಮೊಣಕಾಲ ಕೆಳಗಿನ ಮೂಳೆ ಮುಂದಕ್ಕೆ ಸರಿದು ಹೊಸ ಲಿಗಮೆಂಟನ್ನು ಜಗ್ಗುತ್ತದೆ. ಸುಮಾರು 6ರಿಂದ 12ನೇ ವಾರದಲ್ಲಿ ಕೂರಿಸಿದ ರಜ್ಜು ತೀರಾ ಮೆತ್ತಗಿರುತ್ತದೆ, ನೋವು ಹೋಗಿ ಓಡಬೇಕು ಅನ್ನಿಸುವುದೂ ಆಗಲೇ.

ಮೂರು ತಿಂಗಳ ಮೇಲೆ ಲೆಗ್ ಪ್ರೆಸ್ (ಕೂತು ಪಾದದಿಂದ ಭಾರ ಒತ್ತುವ ಮಶೀನು), ಒಂದೊಂದೇ ಕಾಲಿಗೆ, ದಿನ ಬಿಟ್ಟು ದಿನ, ವಾರಕ್ಕೆ 3 ಸಲ. 10 ಸಲ ಒತ್ತಿದ ಮೇಲೆ ಇನ್ನೆರಡು ಆದೀತು ಅನ್ನಿಸುವ ಭಾರ ಹಾಕಿ 3 ಸೆಟ್, ನಡುವೆ 2 ನಿಮಿಷ ಬಿಡುವು. ಎರಡು ದಿನ ಸತತವಾಗಿ 12 ದಾಟಿದರೆ ಸಣ್ಣ ಪ್ಲೇಟ್, 2.5 ಕೆ.ಜಿ. ಆಪರೇಷನ್ ಕಾಲು ಮೊದಲು, ಒಳ್ಳೆಯ ಕಾಲಿಗೆ ಅದಕ್ಕಿಂತ ಹೆಚ್ಚು ಸೆಟ್ ಇಲ್ಲ. ವಾರಗಟ್ಟಲೆ 20 ಸಲ ಹಗುರವಾಗಿ ಒತ್ತುತ್ತಾ ಕೂತರೆ ತೊಡೆ ದಣಿಯುತ್ತದೆ, ದಪ್ಪವಾಗುವುದಿಲ್ಲ. ಊಟದಲ್ಲಿ ರೊಟ್ಟಿ, ಬ್ಯಾಳಿ ಎರಡೇ ಇದ್ದರೆ ಪ್ರೋಟೀನ್ ಸಾಲದು. 4 ಮೊಟ್ಟೆಗೆ ಸುಮಾರು 24 ಗ್ರಾಂ, 100 ಗ್ರಾಂ ಶೇಂಗಾಕ್ಕೆ ಸುಮಾರು 25 ಗ್ರಾಂ.

ಕಬಡ್ಡಿ, ವಾಲಿಬಾಲ್‌ಗೆ 9 ತಿಂಗಳ ಮೊದಲು ಇಳಿಯುವಂತಿಲ್ಲ. ಒಂಟಿ ಕಾಲಲ್ಲಿ ಹಾರಿದ ದೂರ ಇನ್ನೊಂದರ ಶೇ. 90 ಮುಟ್ಟಬೇಕು. ಆದರೆ ಅಷ್ಟು ತಿಂಗಳಲ್ಲಿ ಒಳ್ಳೆಯ ಕಾಲೂ ಸೊರಗಿರುತ್ತದೆ, ಆ ಅಳತೆ ಮೋಸ ಮಾಡಬಹುದು. ಆಪರೇಷನ್‌ಗೆ ಮೊದಲೇ ಒಳ್ಳೆಯ ಕಾಲಿನ ದೂರ ಅಳೆದು ಬರೆದಿಟ್ಟುಕೊಂಡರೆ ಅದರ ಜೊತೆ ಹೋಲಿಸಬಹುದು.