ಮಸಾಜ್ ಗನ್ ಕೊಳ್ಳುವ ಮೊದಲು ತೊಡೆಗೆ ಒತ್ತಿ ನೋಡಿ

ಟೊಮೆಟೊ ಸೀಸನ್ ಜೋರಾದರೆ ಕೋಲಾರದ ಎಪಿಎಂಸಿಯಲ್ಲಿ 15 ಕೆ.ಜಿ. ಬಾಕ್ಸ್ ಎತ್ತಿ ಇಳಿಸಿ ಹೆಗಲು, ಸೊಂಟ ಹಿಡಿದುಕೊಂಡವರು ಎಷ್ಟೋ ಜನ. ಸಂಜೆ ನನ್ನ ಹತ್ತಿರ ಕಬಡ್ಡಿ ಆಡಲು ಬರುವ ಹುಡುಗರಲ್ಲೂ ಕೆಲವರು ಬೆಳಗಿನ ಜಾವ ಮಂಡಿಯಲ್ಲಿ ದುಡಿದು ಬರುವವರು. ಹೋದ ವರ್ಷ ಅವರಲ್ಲಿ ನಾಲ್ವರು ಮಸಾಜ್ ಗನ್ ತಂದರು, ಬಿಗಿದ ಸ್ನಾಯುವಿಗೆ ಪಟಪಟ ಹೊಡೆದು ಸಡಿಲಿಸುವ ಬ್ಯಾಟರಿ ಯಂತ್ರ. ಮೂರು ಈಗ ಅಟ್ಟ ಸೇರಿವೆ. "ಅಣ್ಣ, 30 ಸ್ಪೀಡ್ ಐತೆ, 8 ತಲೆ ಕೊಟ್ಟವ್ರೆ" ಅಂತ ಡಬ್ಬ ತೋರಿಸಿದ್ದರು. ತಲೆ ಅಂದರೆ ಮೈಗೆ ತಾಗುವ, ಬದಲಿಸಿ ಹಾಕುವ ತುದಿ. ಅಂಗಡಿಯಲ್ಲಿ ಒತ್ತಿ ನೋಡಿದವರು ಒಬ್ಬರೂ ಇರಲಿಲ್ಲ. ಬೆವರು ಸುರಿಸಿದ ದುಡ್ಡು ಹೀಗೆ ಹೋಗುವುದನ್ನು ನೋಡಿ ಇದನ್ನು ಬರೆಯುತ್ತಿದ್ದೇನೆ.

ಹೆಜ್ಜೆ 1: ನೋವು ಎಂಥದ್ದು ಅಂತ ನೋಡಿಕೊಳ್ಳಿ. ಅಂತರಗಂಗೆ ಬೆಟ್ಟ ಹತ್ತಿ ಬಂದ ಮರುದಿನ ತೊಡೆ, ಮೀನಖಂಡ ಬಿಗಿದುಕೊಂಡಿದ್ದರೆ ಗನ್ ಹಾಯೆನಿಸುತ್ತದೆ. ಸೊಂಟದಿಂದ ಕಾಲಿಗೆ ಇಳಿಯುವ ನೋವು, ಜೋಮು, ಬಾವು, ಉಳುಕು ಇದ್ದರೆ ಮೊದಲು ಡಾಕ್ಟರ್. ಉಳುಕಿದ ಪಾದಕ್ಕೆ ಗನ್ ಹಿಡಿದು ಬಾವು ಜಾಸ್ತಿ ಮಾಡಿಕೊಂಡ ಹುಡುಗನನ್ನು ಕಣ್ಣಾರೆ ಕಂಡಿದ್ದೇನೆ.

ಹೆಜ್ಜೆ 2: ಹೊಡೆತದ ಆಳ ಅಳೆಯಿರಿ. ಜನ ಎಡವುವುದೇ ಇಲ್ಲಿ. ಅದಕ್ಕೆ ನಿಧಾನವಾಗಿ ಹೇಳುತ್ತೇನೆ.

ಗನ್ ಒಳಗೆ ಮೋಟಾರ್ ತಿರುಗುತ್ತದೆ. ಆ ತಿರುಗಾಟ ಹಿಂದೆ ಮುಂದೆ ಚಲನೆಯಾಗುತ್ತದೆ, ಹೊಲಿಗೆ ಮಿಷನ್ನಿನ ಸೂಜಿ ಮೇಲೆ ಕೆಳಗೆ ಹೋದ ಹಾಗೆ. ಸೂಜಿ ಎಷ್ಟು ದೂರ ಹೋಗಿ ಬರುತ್ತದೋ ಅದೇ ಹೊಡೆತದ ಆಳ. ಡಬ್ಬದ ಮೇಲೆ ಇದನ್ನು ‘ಆಂಪ್ಲಿಟ್ಯೂಡ್’ ಅಂತ ಬರೆದಿರುತ್ತಾರೆ. ಐದಾರು ಮಿ.ಮೀ. ಇದ್ದರೆ ಚರ್ಮ ನಡುಗುತ್ತದೆ, ಅಷ್ಟೆ. ದುಡಿಯುವವರ ತೊಡೆ, ಬೆನ್ನಿಗೆ 10ರಿಂದ 12 ಮಿ.ಮೀ. ಬೇಕು. ಥೆರಗನ್ ಬ್ರಾಂಡಿನ ದೊಡ್ಡ ಮಾಡೆಲ್‌ನಲ್ಲಿ 16 ಮಿ.ಮೀ. ಇದೆ. ದಪ್ಪ ಸ್ನಾಯುವಿನ ಆಟಗಾರರಿಗೆ ಅದು ಸರಿ, ಮನೆಯ ಹಿರಿಯರಿಗೆ ಜಾಸ್ತಿಯಾಯಿತು. ಅವರಿಗೆ 8 ಸಾಕು.

ಡಬ್ಬದ ಮೇಲೆ ಆಳ ಬರೆದಿಲ್ಲವಾ? ನಾನಾದರೆ ಅಲ್ಲಿಗೇ ವಾಪಸ್ ಇಡುತ್ತೇನೆ. ಬರೆದಿದ್ದರೂ ಜ್ಯಾಮಿಟ್ರಿ ಬಾಕ್ಸಿನ ಸ್ಕೇಲ್ ಜೇಬಿನಲ್ಲಿರಲಿ. ಗನ್ ಆನ್ ಮಾಡಿ ಆಫ್ ಮಾಡಿ. ತಲೆ ಎಲ್ಲಿ ನಿಂತಿತು ಅಂತ ಸ್ಕೇಲ್ ಹಿಡಿದು ನೋಡಿ. ಹತ್ತು ಸಲ ಹೀಗೆ ಮಾಡಿ. ಒಮ್ಮೆ ಮುಂದೆ ಬಂದು ನಿಲ್ಲುತ್ತದೆ, ಒಮ್ಮೆ ಒಳಗೆ ಹೋಗಿ ನಿಲ್ಲುತ್ತದೆ. ತೀರ ಮುಂದೆ ಬಂದದ್ದಕ್ಕೂ ತೀರ ಒಳಗೆ ಹೋದದ್ದಕ್ಕೂ ಇರುವ ಅಂತರವೇ ಹೆಚ್ಚುಕಡಿಮೆ ನಿಜವಾದ ಆಳ. ‘12’ ಅಂತ ಬರೆದದ್ದು ಸ್ಕೇಲಿನಲ್ಲಿ ಏಳಕ್ಕೆ ನಿಂತರೆ ಕೈ ಮುಗಿದು ಎದ್ದು ಬನ್ನಿ.

ಇನ್ನು ಒತ್ತುವ ಪರೀಕ್ಷೆ. ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಬೇಕು. ಅರೆಬರೆ ಚಾರ್ಜ್‌ನಲ್ಲಿ ಒಳ್ಳೆಯ ಗನ್ನೂ ಸೊರಗುತ್ತದೆ. ಕುರ್ಚಿಯಲ್ಲಿ ಕೂತು ಕಾಲು ಸಡಿಲ ಬಿಡಿ. ಗುಂಡು ತಲೆ ಹಾಕಿ, ಮಧ್ಯದ ಸ್ಪೀಡ್ ಇಟ್ಟು, ತೊಡೆಯ ದಪ್ಪ ಭಾಗಕ್ಕೆ ಹಿಡಿಯಿರಿ. ಮೊದಲು ಹಗುರವಾಗಿ, ಆಮೇಲೆ ನಿಧಾನಕ್ಕೆ ಒತ್ತಡ ಹೆಚ್ಚಿಸುತ್ತಾ ಹತ್ತರವರೆಗೆ ಎಣಿಸಿ. ಕಿವಿ ಅಲ್ಲೇ ಇರಲಿ. ಒಳ್ಳೆಯ ಮೋಟಾರಿನ ಸದ್ದು ಸ್ವಲ್ಪ ಭಾರವಾಗುತ್ತದೆ, ಹೊಡೆತ ನಿಲ್ಲುವುದಿಲ್ಲ. ಕಳಪೆಯದು ಗುಂಯ್ ಅನ್ನುವುದು ಗೊರ್ ಅಂತಾಗಿ ಎಣಿಕೆ ಐದಕ್ಕೆ ಬರುವಷ್ಟರಲ್ಲಿ ನಿಂತೇಬಿಡುತ್ತದೆ. ಗನ್ ನಿಂತುಬಿಡುವಷ್ಟು ಒತ್ತಡಕ್ಕೆ ‘ಸ್ಟಾಲ್ ಫೋರ್ಸ್’ ಅಂತಾರೆ. ಕಂಪನಿಗಳು ಅದನ್ನು ಕೆ.ಜಿ.ಯಲ್ಲಿ ಬರೆಯುತ್ತವೆ. ಆದರೆ ನಿಮ್ಮ ತೊಡೆಗಿಂತ ಒಳ್ಳೆಯ ತಕ್ಕಡಿ ಇಲ್ಲ.

ಹಾಗೇ ಒಂದು ನಿಮಿಷ ಕೈಯಲ್ಲಿ ಹಿಡಿದಿರಿ. ಅಂಗೈ ಜುಮ್ಮೆಂದರೆ ನಡುಕ ನಿಮ್ಮ ಕೈಗೇ ಬರುತ್ತಿದೆ ಅಂತ ಅರ್ಥ. ಅಂಥದ್ದು ಬೇಡ. ಒತ್ತಿ ನೋಡಲು ಬಿಡದ ಅಂಗಡಿಯಲ್ಲಿ ಕೊಳ್ಳಲೂ ಬೇಡಿ. ಆನ್‌ಲೈನ್‌ನಲ್ಲಿ ತರಿಸಿದರೆ ವಾಪಸ್ ಕೊಡುವ ಅವಧಿ ಮುಗಿಯುವ ಮೊದಲೇ ಈ ಎರಡೂ ಪರೀಕ್ಷೆ ಮುಗಿಸಿ.

ಹೆಜ್ಜೆ 3: ಸ್ಪೀಡ್. ನಿಮಿಷಕ್ಕೆ 1,200ರಿಂದ 3,200 ಹೊಡೆತ ಅಂತ ಬರೆದಿರುತ್ತಾರೆ. ನಾಲ್ಕೈದು ಹಂತ ಇದ್ದರೆ ಧಾರಾಳ. ಮೂವತ್ತು ಹಂತ ಸುಮ್ನೆ ಬಟನ್ ಒತ್ತುವ ಕೆಲಸ.

ಹೆಜ್ಜೆ 4: ತೂಕ, ಹಿಡಿಕೆ. ಒಂದು ಕೆ.ಜಿ. ಗನ್ ಕೈಗೆ ಬಂದಾಗ ಹಗುರ ಅನಿಸುತ್ತದೆ, ಕೈ ಎತ್ತಿ ಎರಡು ನಿಮಿಷ ಹಿಡಿದಾಗ ಗೊತ್ತಾಗುತ್ತದೆ. ಬಲಗೈಯಲ್ಲಿ ಹಿಡಿದು ಎಡ ಭುಜದ ಹಿಂಭಾಗ ಮುಟ್ಟುತ್ತದಾ ನೋಡಿ. ಒಬ್ಬರೇ ಬಳಸುವವರಿಗೆ ತ್ರಿಕೋನ ಹಿಡಿಕೆ ವಾಸಿ. ಅರ್ಧ ಕೆ.ಜಿ.ಯ ಮಿನಿ ಗನ್ ಬ್ಯಾಗಿನಲ್ಲಿ ಹಿಡಿಸುತ್ತದೆ, ಆದರೆ ಸಾಮಾನ್ಯವಾಗಿ ಆಳವೂ ಬಲವೂ ಕಡಿಮೆ.

ಹೆಜ್ಜೆ 5: ಬ್ಯಾಟರಿ, ಚಾರ್ಜರ್. ಟೈಪ್-ಸಿ ಪಿನ್ ಇರುವುದನ್ನೇ ತೆಗೆದುಕೊಳ್ಳಿ, ಇದರಲ್ಲಿ ನನ್ನದು ಎರಡು ಮಾತಿಲ್ಲ. ನಮ್ಮ ತಂಡಕ್ಕೆ ಅಂತ ದುಂಡು ಪಿನ್ನಿನ ಗನ್ ತಂದಿದ್ದೆ. ಟೂರ್ನಮೆಂಟ್‌ಗೆ ಹೋದಾಗ ಚಾರ್ಜರ್ ಕಳೆಯಿತು. ಕೊಟ್ಟ ಅಂಗಡಿಯಲ್ಲೇ "ಬಿಡಿಯಾಗಿ ಬರಲ್ಲ" ಅಂದರು. ಹುಡುಗನೊಬ್ಬ ಮನೆಯ ಬೇರೆ ಯಾವುದೋ ಚಾರ್ಜರ್ ತಂದು ಚುಚ್ಚಿದ, ವೋಲ್ಟ್ ಬೇರೆ. ಹತ್ತು ನಿಮಿಷಕ್ಕೆ ಹಿಡಿಕೆ ಮುಟ್ಟಲಾರದಷ್ಟು ಬಿಸಿಯಾಗಿತ್ತು. ಲಿಥಿಯಂ ಬ್ಯಾಟರಿ ಜೊತೆ ಆ ಅಡ್ಡದಾರಿ ಹಿಡಿಯಲೇಬೇಡಿ. ಬ್ಯಾಟರಿ ಮತ್ತು ಚಾರ್ಜರ್‌ಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ಇದೆಯಾ ಅಂತಲೂ ನೋಡಿ.

ತಲೆಗಳ ವಿಷಯ ಒಂದೇ ಮಾತಿನಲ್ಲಿ: ಗುಂಡು, ಚಪ್ಪಟೆ ಎರಡಿದ್ದರೆ ಮುಗಿಯಿತು. ಬಿಸಿ-ತಂಪು ತಲೆಗೆ ಜಾಸ್ತಿ ದುಡ್ಡು ಕೊಡಬೇಡಿ. ಮನೆಯಲ್ಲಿ ಬಿಸಿನೀರಿನ ಚೀಲ ಇದೆ ಅಲ್ವಾ?

ಹೆಜ್ಜೆ 6: ತಂದ ದಿನ. ತೀರ ಕಡಿಮೆ ಸ್ಪೀಡ್‌ನಲ್ಲಿ ಶುರು ಮಾಡಿ. ಒಂದು ಸ್ನಾಯುವಿಗೆ ಒಂದೆರಡು ನಿಮಿಷ, ಒಂದೇ ಕಡೆ ನಿಲ್ಲಿಸದೆ ನಿಧಾನಕ್ಕೆ ಜರುಗಿಸುತ್ತಾ ಹೋಗಿ. ಅರ್ಧ ಗಂಟೆ ಒಂದೇ ಜಾಗಕ್ಕೆ ಹೊಡೆದು ಮೈಮೇಲೆ ಕಂದು ಬರಿಸಿಕೊಳ್ಳುವವರಿದ್ದಾರೆ, ಅದು ಪೆಟ್ಟು. ಕುತ್ತಿಗೆಗೆ, ಅದರಲ್ಲೂ ಮುಂಭಾಗ ಮತ್ತು ಪಕ್ಕಕ್ಕೆ, ಹಿಡಿಯಲೇಬಾರದು. ಮೆದುಳಿಗೆ ರಕ್ತ ಒಯ್ಯುವ ನಾಳಗಳು ಅಲ್ಲಿವೆ. ಬೆನ್ನುಮೂಳೆ, ಮಂಡಿಚಿಪ್ಪು, ಮಂಡಿಯ ಹಿಂದಿನ ಗುಳಿ, ಕಂಕುಳು, ತೊಡೆಸಂದು ಕೂಡ ಬಿಟ್ಟುಬಿಡಿ.

ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಕಾಲಿನ ನರ ಉಬ್ಬಿದವರು, ಪೇಸ್‌ಮೇಕರ್ ಇರುವವರು, ಗರ್ಭಿಣಿಯರು ಡಾಕ್ಟರನ್ನು ಕೇಳದೆ ಬಳಸಬಾರದು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಮಂಕಾಗಿದ್ದರೂ ಅಷ್ಟೇ. ಎಷ್ಟು ಒತ್ತಿದ್ದೀರಿ ಅಂತ ನಿಮಗೇ ತಿಳಿಯುವುದಿಲ್ಲ. ಒಂದು ಮೀನಖಂಡ ಮಾತ್ರ ಊದಿಕೊಂಡು, ಮುಟ್ಟಿದರೆ ಬಿಸಿಯಾಗಿ ನೋಯುತ್ತಿದ್ದರೆ ಗನ್ ಡಬ್ಬದಲ್ಲೇ ಇರಲಿ. ರಕ್ತ ಹೆಪ್ಪುಗಟ್ಟಿರಬಹುದು, ಅದೇ ದಿನ ಆಸ್ಪತ್ರೆಗೆ ಹೋಗಿ.