ಶಿರಸಿಯಿಂದ ಗಾಂಧಿನಗರಕ್ಕೆ: ಸಣ್ಣ ಸಿನಿಮಾಕ್ಕೆ ವಿತರಕರು

ಚಿತ್ರೀಕರಣ ಶಿರಸಿ, ಕಾರವಾರದಲ್ಲೇ ಮುಗಿದಿದ್ದರೂ ವಿತರಕರನ್ನು ಹುಡುಕಲು ಬೆಂಗಳೂರಿನ ಗಾಂಧಿನಗರಕ್ಕೇ ಹೋಗಬೇಕು. ಸೆನ್ಸಾರ್ ಪ್ರಮಾಣಪತ್ರ, ಎರಡು ನಿಮಿಷದ ಟ್ರೇಲರ್, ಪಾಸ್‌ವರ್ಡ್ ಹಾಕಿದ ಪೂರ್ಣ ಚಿತ್ರದ ಲಿಂಕ್, ಕಥೆ-ಹಾಡುಗಳ ಹಕ್ಕುಪತ್ರ ಕೈಯಲ್ಲಿರಲಿ. ಹಕ್ಕುಪತ್ರ ಇಲ್ಲದಿದ್ದರೆ ಮಾತು ಅಲ್ಲಿಗೇ ನಿಲ್ಲುತ್ತದೆ.

ಹೊಸಬರಿಗೆ ಮುಂಗಡ ಸಿಗುವುದು ಅಪರೂಪ. ಸಾಮಾನ್ಯವಾಗಿ ಕಮಿಷನ್ ಮೇಲೆಯೇ ಬಿಡುಗಡೆ, ಅಂದರೆ ವಿತರಕರು ಗಳಿಕೆಯಲ್ಲಿ ತಮ್ಮ ಪಾಲು ಹಿಡಿದುಕೊಳ್ಳುತ್ತಾರೆ. ಪೋಸ್ಟರ್, ಪ್ರಚಾರ, ಡಿಜಿಟಲ್ ಪ್ರದರ್ಶನ ಶುಲ್ಕ ಎಲ್ಲ ನಿರ್ಮಾಪಕರ ತಲೆಗೇ. ಹೆಚ್ಚಿನವರು ಎಡವುವುದು ಇಲ್ಲೇ: ಗಳಿಕೆಯಿಂದ ಯಾವ ಖರ್ಚು ಮೊದಲು ಕಳೆಯುತ್ತಾರೆ, ಎಷ್ಟರವರೆಗೆ ಎಂಬುದನ್ನು ಒಪ್ಪಂದದಲ್ಲೇ ಬರೆಸಿ. ವಿತರಣೆ ಯಾವ ಊರುಗಳಿಗೆ, ಎಷ್ಟು ಅವಧಿಗೆ ಎಂಬುದನ್ನೂ ನಮೂದಿಸಿ. ದಿನದ ಗಳಿಕೆಯ ಲೆಕ್ಕ, ಅಂದರೆ ಡಿಸಿಆರ್, ಕೇಳಿ ಪಡೆಯಿರಿ. ಓಟಿಟಿ, ಟಿವಿ ಹಕ್ಕುಗಳನ್ನು ಈ ಒಪ್ಪಂದದೊಳಗೆ ಸೇರಿಸಬೇಡಿ.

ಜುಲೈ ಬಿಡುಗಡೆ ಬೇಡ. ಆ ಮಳೆಯಲ್ಲಿ ಕುಮಟಾದವರೂ ಮನೆ ಬಿಟ್ಟು ಹೊರಡುವುದಿಲ್ಲ.